ಸೇಫ್ಟಿ ವಾಲ್ವ್ ಖರೀದಿ: ಬಳಕೆಯ ಲೆಕ್ಕವೊಂದೇ ಸಾಲದು

ಡೈಯಿಂಗ್, ಔಷಧ ಹಾಗೂ ಆಹಾರ ಸಂಸ್ಕರಣಾ ಘಟಕಗಳಲ್ಲಿ ಬಾಯ್ಲರ್‌ನಿಂದ 10 ಬಾರ್ ಒತ್ತಡದಲ್ಲಿ ಬರುವ ಹಬೆಯನ್ನು ಕಂಟ್ರೋಲ್ ವಾಲ್ವ್‌ನ ಮೂಲಕ 3 ಬಾರ್‌ಗೆ ಇಳಿಸಿ ಜಾಕೆಟ್ ಪಾತ್ರೆಗಳಿಗೆ ಕೊಡುವುದುಂಟು. ಅದರ ಮುಂದೆ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ಅದರ ಗಾತ್ರವನ್ನು ಯಾವ ಲೆಕ್ಕದ ಮೇಲೆ ನಿರ್ಧರಿಸಲಾಯಿತೆಂದು ಕೇಳಿದರೆ ಅನೇಕ ವೇಳೆ ಹಳೆಯ ಖರೀದಿ ಆದೇಶವನ್ನು ತೋರಿಸಲಾಗುತ್ತದೆ.

ಗಂಟೆಗೆ ಬಳಕೆಯಾಗುವಷ್ಟು ಹಬೆಯನ್ನು ಹೊರಬಿಟ್ಟರೆ ಸಾಕೆಂಬ ಎಣಿಕೆಯೇ ತಪ್ಪಿನ ಮೂಲ. ಕಂಟ್ರೋಲ್ ವಾಲ್ವ್ ಪೂರ್ಣ ತೆರೆದು ಸಿಕ್ಕಿಕೊಂಡಾಗ ಹಾಯುವ ಹಬೆಯನ್ನು ನಿರ್ಧರಿಸುವುದು ಬಳಕೆಯಲ್ಲ, ವಾಲ್ವ್‌ನ ಹರಿವಿನ ಸಾಮರ್ಥ್ಯವನ್ನು ತಿಳಿಸುವ ಕೆ.ವಿ. ಅಂಕಿ ಮತ್ತು ಬಾಯ್ಲರ್ ಕಡೆಯ ಒತ್ತಡ. ಒತ್ತಡದ ಇಳಿತ ಇಷ್ಟು ದೊಡ್ಡದಿರುವಲ್ಲಿ ಸ್ಥೂಲ ಲೆಕ್ಕ ಸುಲಭ. ಗೇಜ್ ಒತ್ತಡಕ್ಕೆ 1 ಕೂಡಿಸಿ, ಕೆ.ವಿ.ಯಿಂದಲೂ 12ರಿಂದಲೂ ಗುಣಿಸಬೇಕು. ಕೆ.ವಿ. 10 ಆಗಿದ್ದರೆ ಗಂಟೆಗೆ 1,320 ಕೆ.ಜಿ. ಘಟಕದ ಬಳಕೆ 800 ಕೆ.ಜಿ. ಎಂದು ಅಷ್ಟಕ್ಕೇ ಸೇಫ್ಟಿ ವಾಲ್ವ್ ಕೊಂಡಿದ್ದರೆ ಉಳಿದ 520 ಕೆ.ಜಿ. ಹಬೆಗೆ ಹೊರದಾರಿಯಿಲ್ಲ. 3.5 ಬಾರ್‌ಗೆ ವಿನ್ಯಾಸಗೊಂಡ ಪಾತ್ರೆಯ ಒತ್ತಡ ಏರುತ್ತಲೇ ಹೋಗುತ್ತದೆ. ಕಾರ್ಮಿಕ ನಿಂತಿರುವುದು ಅದರ ಪಕ್ಕದಲ್ಲಿಯೇ.

ಅಪಾಯ ಹೆಚ್ಚುವುದು ಬದಲಾವಣೆಯ ಸಂದರ್ಭದಲ್ಲಿ. ಸವೆದ ವಾಲ್ವ್‌ನ ಸ್ಥಾನದಲ್ಲಿ, ದಾಸ್ತಾನಿನಲ್ಲಿ ಸಿಕ್ಕಿತೆಂದು, ಕೆ.ವಿ. 16ರದನ್ನು ಕೂಡಿಸಿದರೆ ಹರಿವು 2,112 ಕೆ.ಜಿ.ಗೆ ಏರುತ್ತದೆ. ಲೆಕ್ಕಪುಸ್ತಕದಲ್ಲಿ ಈ ವೆಚ್ಚ ದುರಸ್ತಿ ಖಾತೆಗೆ ಸೇರಿ ಅಲ್ಲಿಗೇ ಮುಗಿಯುತ್ತದೆ. ಸೇಫ್ಟಿ ವಾಲ್ವ್‌ನ ಕಡತವನ್ನು ಯಾರೂ ತೆರೆಯುವುದಿಲ್ಲ.

ಗಾಳಿಯ ಒತ್ತಡ ನಿಂತರೆ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆಂಬ ಸಮಾಧಾನವನ್ನು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ 521ನೆಯ ಸ್ಟ್ಯಾಂಡರ್ಡ್ ಒಪ್ಪುವುದಿಲ್ಲ. ಕಸ ಸಿಕ್ಕಿಕೊಂಡ ವಾಲ್ವ್‌ಗೆ ಸ್ಪ್ರಿಂಗ್‌ನ ಮಾತು ಕೇಳಿಸದು. ಪಾತ್ರೆಗಳು ಹಬೆ ಎಳೆಯುತ್ತಿರುತ್ತವೆಂದು ಆ ಮೊತ್ತವನ್ನು ಕಳೆಯುವುದೂ ಇಲ್ಲಿ ಸಲ್ಲದು. ಊಟದ ವೇಳೆಯಲ್ಲಿ ಅವೆಲ್ಲವೂ ಮುಚ್ಚಿರಬಹುದು. ಬೈಪಾಸ್ ತೆರೆದಿಡುವ ಅಭ್ಯಾಸವಿದ್ದಲ್ಲಿ ಅದರ ಹರಿವನ್ನೂ ಕೂಡಿಸಬೇಕು.

ಪರಿಹಾರವೆಂದರೆ ದೊಡ್ಡ ಸೇಫ್ಟಿ ವಾಲ್ವ್ ಎಂದೇ ಅಲ್ಲ. ದೊಡ್ಡದಕ್ಕೆ ಒಳಬರುವ ಹಾಗೂ ಹೊರಹೋಗುವ ಪೈಪುಗಳನ್ನೂ ಬದಲಿಸಬೇಕಾದೀತು. ಬಳಕೆ ಹೆಚ್ಚುವ ಸಂಭವವಿಲ್ಲದಿದ್ದರೆ ಕೆ.ವಿ. 6.3ರ ಕಂಟ್ರೋಲ್ ವಾಲ್ವ್ ಸಾಕು. ಅದು ಪೂರ್ಣ ತೆರೆದರೂ ಸುಮಾರು 830 ಕೆ.ಜಿ. ಮಾತ್ರ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆಗಲೂ 800ರ ಸೇಫ್ಟಿ ವಾಲ್ವ್ ಸ್ವಲ್ಪದರಲ್ಲಿ ಸಾಲದೆಂಬುದನ್ನು ಮರೆಯಬಾರದು.

ಲೆಕ್ಕಕ್ಕೆ ಹಿಡಿಯುವ ಒತ್ತಡ ಗೇಜ್ ತೋರಿಸುವ ದಿನನಿತ್ಯದ ಒತ್ತಡವಾಗದೆ ಬಾಯ್ಲರ್‌ನ ಸ್ವಂತ ಸೇಫ್ಟಿ ವಾಲ್ವ್ ತೆರೆಯುವ ಒತ್ತಡವಾಗಿದ್ದರೆ ಕ್ಷೇಮ. ಅದು 11 ಬಾರ್ ಆಗಿದ್ದಲ್ಲಿ ಕೆ.ವಿ. 16ರ ಹರಿವು 2,112 ಅಲ್ಲ, 2,304 ಕೆ.ಜಿ.