ಅಗ್ಗದ ಲೈಸೆನ್ಸ್ ಕೀ: ಕೊಳ್ಳುವ ಮುನ್ನ ವ್ಯಾಪಾರಸ್ಥರು ಅರಿಯಬೇಕಾದ ಸಂಗತಿಗಳು

ಹನುಮಸಾಗರದ ಸಗಟು ಮಳಿಗೆಯಾಗಲಿ, ಕುಷ್ಟಗಿಯ ಅಡತಿ ಅಂಗಡಿಯಾಗಲಿ, ಗಂಗಾವತಿಯ ಅಕ್ಕಿ ಗಿರಣಿಯಾಗಲಿ, ಇಂದು ಕಂಪ್ಯೂಟರ್ ಇಲ್ಲದೆ ವ್ಯವಹಾರ ಸಾಗುವುದಿಲ್ಲ. ಬಿಲ್ಲು, ಇ-ವೇ ಬಿಲ್ಲು, ದಾಸ್ತಾನು ಲೆಕ್ಕ, ಜಿಎಸ್‌ಟಿ ವಿವರಪತ್ರ ಎಲ್ಲವೂ ಅದರಲ್ಲೇ ಸಿದ್ಧವಾಗುತ್ತವೆ. ಆ ಯಂತ್ರವನ್ನು ನಡೆಸುವ ವಿಂಡೋಸ್, ಲೆಕ್ಕದ ಟ್ಯಾಲಿ, ವೈರಸ್ ತಡೆಯುವ ತಂತ್ರಾಂಶ ಇವು ಯಾವುವೂ ಈಗ ಡಬ್ಬಿಯಲ್ಲಿ ಬರುವುದು ಅಪರೂಪ. ಅಕ್ಷರ ಮತ್ತು ಅಂಕಿಗಳ ಒಂದು ಸಾಲು, ಅಂದರೆ 'ಲೈಸೆನ್ಸ್ ಕೀ', ಇ-ಮೇಲ್‌ನಲ್ಲಿಯೋ ವಾಟ್ಸ್‌ಆ್ಯಪ್‌ನಲ್ಲಿಯೋ ಬರುತ್ತದೆ. ವಿಂಡೋಸ್‌ನ ಕೀ 25 ಅಕ್ಷರಾಂಕಿಗಳದ್ದು, ಅಷ್ಟೇ ಸರಕು.

ಸರಕು ಇಷ್ಟು ಹಗುರವಾದ ಮೇಲೆ ಅದನ್ನು ಮಾರುವವರೂ ಹೆಚ್ಚಿದ್ದಾರೆ. ತಯಾರಕರ ಬೆಲೆಯ ಅರ್ಧಕ್ಕೆ, ಕಾಲು ಭಾಗಕ್ಕೆ, ಕೆಲವೊಮ್ಮೆ ಕೆಲವೇ ನೂರು ರೂಪಾಯಿಗಳಿಗೆ ಕೀ ಕೊಡುವುದಾಗಿ ಹೇಳುವ ಜಾಲತಾಣಗಳೂ ಮಧ್ಯವರ್ತಿಗಳೂ ಇದ್ದಾರೆ. ಇವುಗಳನ್ನು ಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ ಸಂಕ್ಷಿಪ್ತವಾದುದು: ರಿಯಾಯಿತಿ ತಪ್ಪಲ್ಲ, ಆದರೆ ಮಾರುವವನಿಗೆ ಆ ಹಕ್ಕು ಎಲ್ಲಿಂದ ಬಂತು ಎಂಬುದು ಕಾಗದದಲ್ಲಿ ಕಾಣದಿದ್ದರೆ ಕೊಳ್ಳತಕ್ಕದ್ದಲ್ಲ. ಇದರ ಕಾರಣಗಳನ್ನು ಮುಂದೆ ವಿವರಿಸಲಾಗಿದೆ.

ಕೊಳ್ಳುವುದು ಸಂಖ್ಯೆಯನ್ನಲ್ಲ, ಹಕ್ಕನ್ನು

ಹೊಲದ ಸರ್ವೆ ನಂಬರು ತಿಳಿದ ಮಾತ್ರಕ್ಕೆ ಯಾರೂ ಹೊಲದ ಒಡೆಯರಾಗುವುದಿಲ್ಲ. ಖರೀದಿ ಪತ್ರ, ಪಹಣಿ, ಮಾರಿದವನ ಹಕ್ಕು ಇವೆಲ್ಲ ಒಂದಕ್ಕೊಂದು ಕೂಡಿಕೊಳ್ಳಬೇಕು. ಲೈಸೆನ್ಸ್ ಕೀ ಕೂಡ ಹಾಗೆಯೇ. ಅದು ಹಕ್ಕಿನ ಗುರುತು ಮಾತ್ರ, ಹಕ್ಕೇ ಅಲ್ಲ.

ನಮ್ಮ ನ್ಯಾಯಾಲಯಗಳು ಈ ವಿಷಯವನ್ನು ಎರಡು ಬಾರಿ ಆಳವಾಗಿ ಪರಿಶೀಲಿಸಿವೆ. ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ, ಸಿದ್ಧಪಡಿಸಿ ಮಾರುವ ತಂತ್ರಾಂಶವು ಮಾರಾಟ ತೆರಿಗೆಯ ಮಟ್ಟಿಗೆ 'ಸರಕು' ಎಂದು ತೀರ್ಪಿತ್ತಿತು. ಎರಡನೆಯದು ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಸಂಸ್ಥೆಯು ಅಮೆರಿಕದಿಂದ ತಂತ್ರಾಂಶ ತರಿಸಿಕೊಂಡಿತ್ತು. ಅದಕ್ಕೆ ತೆತ್ತ ಹಣ 'ರಾಯಲ್ಟಿ' ಆಗುವುದೇ ಎಂಬುದು ಆದಾಯ ತೆರಿಗೆ ಇಲಾಖೆಯೊಡನೆ ನಡೆದ ವ್ಯಾಜ್ಯ. ಕರ್ನಾಟಕ ಉಚ್ಚ ನ್ಯಾಯಾಲಯ ಇಲಾಖೆಯ ಪರವಾಗಿ ತೀರ್ಪು ನೀಡಿತ್ತು. 2021ರ ಮಾರ್ಚ್ 2ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೊಂಡವನಿಗೆ ಕೃತಿಸ್ವಾಮ್ಯವೇನೂ ದೊರೆಯುವುದಿಲ್ಲ, ಕರಾರಿನ ಷರತ್ತುಗಳಿಗೆ ಒಳಪಟ್ಟು ಒಂದು ಪ್ರತಿಯನ್ನು ಬಳಸುವ ಸೀಮಿತ ಅವಕಾಶ ಮಾತ್ರ ದೊರೆಯುತ್ತದೆ ಎಂಬುದು ಆ ತೀರ್ಪಿನ ತಿರುಳು.

ತೆರಿಗೆಯ ಮಟ್ಟಿಗೆ ಇದು ಉದ್ಯಮಗಳಿಗೆ ಅನುಕೂಲವಾದ ತೀರ್ಪು. ಆದರೆ ಇದರಿಂದ ಇನ್ನೊಂದು ಪಾಠವೂ ಇದೆ. ನಮ್ಮ ಕೈಗೆ ಬರುವುದು ಕರಾರಿನಷ್ಟೇ ಹಕ್ಕು. ಕರಾರು ನಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಬಳಕೆಗೆ ಆಧಾರವೇ ಇಲ್ಲ.

ಬೆಲೆ ಇಳಿಯುವುದೇಕೆ?

ನ್ಯಾಯವಾದ ಕಾರಣಗಳೂ ಇವೆ. ತಯಾರಕರೇ ಹಬ್ಬದ ಸಮಯದಲ್ಲಿ ಬೆಲೆ ಇಳಿಸುತ್ತಾರೆ. ಅಧಿಕೃತ ಮಾರಾಟಗಾರ ತನ್ನ ಕಮಿಷನ್‌ನಲ್ಲಿ ಸ್ವಲ್ಪ ಬಿಡುತ್ತಾನೆ. ಹಳೆಯ ಆವೃತ್ತಿಯ ದಾಸ್ತಾನು ಖಾಲಿ ಮಾಡಲಾಗುತ್ತದೆ. ಇಂತಹ ರಿಯಾಯಿತಿಯನ್ನು ಧಾರಾಳವಾಗಿ ಪಡೆಯಬಹುದು.

ಇನ್ನುಳಿದ ಕಾರಣಗಳನ್ನು ತಿಳಿಯಲು ವಿಡಿಯೋ ಗೇಮ್‌ಗಳ ಮಾರುಕಟ್ಟೆಯನ್ನು ನೋಡುವುದು ಉಚಿತ. ಕೀಗಳ ಮರುಮಾರಾಟ ಬಹಳ ಬೆಳೆದದ್ದು ಅಲ್ಲಿಯೇ. ಕಳವಾದ ಕ್ರೆಡಿಟ್ ಕಾರ್ಡಿನಿಂದ ತಯಾರಕರ ಅಂಗಡಿಯಲ್ಲಿ ಕೀ ಕೊಳ್ಳುವುದು, ಅದನ್ನು ಬೇರೊಂದು ಜಾಲತಾಣದಲ್ಲಿ ಅಗ್ಗವಾಗಿ ಮಾರಿ ನಗದು ಮಾಡಿಕೊಳ್ಳುವುದು, ಇದು ಅಲ್ಲಿನ ವಂಚಕರ ದಾರಿ. ಕಾರ್ಡಿನ ನಿಜವಾದ ಒಡೆಯ ಬ್ಯಾಂಕಿಗೆ ದೂರು ಕೊಟ್ಟಾಗ ಹಣ ಹಿಂದಿರುಗುತ್ತದೆ. ಆಗ ತಯಾರಕನು ಕೀಯನ್ನು ರದ್ದು ಮಾಡುತ್ತಾನೆ. ನಷ್ಟ ಅನುಭವಿಸುವವನು ಕೊನೆಯಲ್ಲಿ ಕೊಂಡ ಗಿರಾಕಿ.

2015ರ ಜನವರಿಯಲ್ಲಿ ಯೂಬಿಸಾಫ್ಟ್ ಸಂಸ್ಥೆಯು ವಂಚನೆಯಿಂದ ಕೊಂಡು ಮರುಮಾರಾಟವಾಗಿದ್ದ ತನ್ನ ಗೇಮ್‌ಗಳ ಕೀಗಳನ್ನು ರದ್ದು ಮಾಡಿದಾಗ, ಹಣ ತೆತ್ತ ಸಾಮಾನ್ಯ ಗಿರಾಕಿಗಳ ಆಟವೂ ನಿಂತುಹೋಯಿತು. 2020ರ ಮೇ ತಿಂಗಳಿನಲ್ಲಿ ಇನ್ನೊಂದು ಪ್ರಕರಣ ಹೊರಬಂತು. 'ಫ್ಯಾಕ್ಟೋರಿಯೋ' ಎಂಬ ಗೇಮ್ ತಯಾರಿಸುವ ಪ್ರಾಗ್ ನಗರದ ವೂಬೆ ಸಂಸ್ಥೆಯ ದೂರಿನ ಮೇಲೆ ತನಿಖೆ ನಡೆದು, 2016ರಲ್ಲಿ ಅಕ್ರಮವಾಗಿ ಪಡೆದ 198 ಕೀಗಳು ಜಿ2ಎ ಎಂಬ ಮರುಮಾರಾಟದ ಜಾಲತಾಣದಲ್ಲಿ ಬಿಕರಿಯಾಗಿದ್ದುದು ಖಚಿತವಾಯಿತು. ಆ ಜಾಲತಾಣವು ವೂಬೆಗೆ ಸುಮಾರು 40,000 ಡಾಲರ್ ಪರಿಹಾರ ಕೊಟ್ಟಿತು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಇಂತಹ ಜಾಲತಾಣ ತಾನೇ ಮಾರುವುದಿಲ್ಲ. ಸಂತೆಯ ಜಾಗ ಒದಗಿಸುತ್ತದೆ, ಮಾರುವವರು ಅಪರಿಚಿತರು. ಜಾಲತಾಣದ ಹೆಸರು ದೊಡ್ಡದಾಗಿದ್ದ ಮಾತ್ರಕ್ಕೆ ಮಾರುವವನು ನಂಬಿಗಸ್ತನೆಂದು ತಿಳಿಯಲಾಗದು.

ಮನೆಯಲ್ಲಿ ಮಕ್ಕಳು ಗೇಮ್ ಕೀ ಕೊಳ್ಳುವಾಗಲೂ ಇದೇ ಎಚ್ಚರ ಬೇಕು. ಅಂಗಡಿಯ ಖಾತೆಯ ಕಾರ್ಡನ್ನು ಅಂತಹ ತಾಣಗಳಲ್ಲಿ ದಾಖಲಿಸಿಡಬಾರದು.

ವಿಂಡೋಸ್ ಕೀಗಳಲ್ಲಿ ಮೂರು ಬಗೆ

ವ್ಯಾಪಾರಸ್ಥರಿಗೆ ಹೆಚ್ಚು ಸಂಬಂಧಿಸಿದ ವಿಂಡೋಸ್ ಕೀಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳಿವೆ.

1. ಯಂತ್ರದೊಡನೆ ಬರುವ ಕೀ (ಓಇಎಂ): ತಯಾರಕರು ಕಂಪ್ಯೂಟರಿನೊಳಗೇ ಅಳವಡಿಸಿ ಕೊಡುತ್ತಾರೆ. ಇದು ಆ ಯಂತ್ರಕ್ಕೇ ಅಂಟಿಕೊಂಡದ್ದು. ಯಂತ್ರ ಗುಜರಿ ಸೇರಿದರೆ ಲೈಸೆನ್ಸೂ ಅದರೊಡನೆ ಮುಗಿಯಿತು. ಗುಜರಿ ಯಂತ್ರಗಳಿಂದ ತೆಗೆದ ಇಂತಹ ಕೀಗಳು ಅಗ್ಗದ ಮಾರುಕಟ್ಟೆಗೆ ಬರುತ್ತವೆ.

2. ಬಿಡಿ ಮಾರಾಟದ ಕೀ (ರಿಟೇಲ್): ಬೆಲೆ ಹೆಚ್ಚು. ಆದರೆ ಹಳೆಯ ಯಂತ್ರದಿಂದ ತೆಗೆದು ಹೊಸ ಯಂತ್ರಕ್ಕೆ ಹಾಕಿಕೊಳ್ಳುವ ಅವಕಾಶವಿದೆ.

3. ಸಗಟು ಕೀ (ವಾಲ್ಯೂಮ್): ದೊಡ್ಡ ಸಂಸ್ಥೆಗಳು, ಕಾಲೇಜುಗಳು ತಮ್ಮ ಅನೇಕ ಯಂತ್ರಗಳಿಗಾಗಿ ಪಡೆಯುವುದು. ಹೊರಗಿನವರಿಗೆ ಬಿಡಿಬಿಡಿಯಾಗಿ ಮಾರಲು ಅವುಗಳಿಗೆ ಅಧಿಕಾರವಿಲ್ಲ. ಇದರಲ್ಲಿ ಒಂದು ಬಗೆಯ ಸಕ್ರಿಯತೆಯ ಅವಧಿ 180 ದಿನ ಮಾತ್ರ. ಅಷ್ಟರೊಳಗೆ ಸಂಸ್ಥೆಯ ಸರ್ವರ್‌ನೊಡನೆ ಮತ್ತೆ ಸಂಪರ್ಕವಾಗಬೇಕು. ಅಗ್ಗದ ಕೀ ಆರು ತಿಂಗಳು ಸರಿಯಾಗಿ ನಡೆದು ಆಮೇಲೆ ಕೈಕೊಡುವುದಕ್ಕೆ ಇದೊಂದು ಕಾರಣ.

ಆದುದರಿಂದ 'ಹಾಕಿ ನೋಡಿದೆ, ನಡೆಯಿತು' ಎಂಬುದು ಅಸಲಿತನದ ಸಾಕ್ಷಿಯಲ್ಲ. ನಿಮ್ಮ ತಂತ್ರಜ್ಞನಿಂದ ಲೈಸೆನ್ಸಿನ ಬಗೆಯನ್ನು ಪರದೆಯ ಮೇಲೆ ತೋರಿಸಿಕೊಳ್ಳಿರಿ. ಒಂದೇ ಕಂಪ್ಯೂಟರ್ ಇರುವ ಅಂಗಡಿಯಲ್ಲಿ 'ವಾಲ್ಯೂಮ್' ಎಂದು ಕಂಡರೆ ಮಾರಿದವನನ್ನು ಕೇಳಲೇಬೇಕು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಕೀಯನ್ನು ಅಗ್ಗವೆಂದು ಈಗ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಲೆಕ್ಕದ ತಂತ್ರಾಂಶ: ಲೈಸೆನ್ಸ್ ಯಾರ ಹೆಸರಿನಲ್ಲಿದೆ?

ಟ್ಯಾಲಿ ನಮ್ಮ ರಾಜ್ಯದ ಹೆಮ್ಮೆ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ 1986ರಲ್ಲಿ ಕಟ್ಟಿದ ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲಿದೆ. ತಮ್ಮ ಸ್ವಂತ ವ್ಯವಹಾರದ ಲೆಕ್ಕಕ್ಕೆಂದು ಆರಂಭವಾದ ತಂತ್ರಾಂಶವಿದು. ಇದರ ಲೈಸೆನ್ಸ್ ಸೀರಿಯಲ್ ಸಂಖ್ಯೆಯ ಜೊತೆಗೆ ನೋಂದಾಯಿತ ಇ-ಮೇಲ್ ವಿಳಾಸಕ್ಕೂ ಕಟ್ಟಿಕೊಂಡಿರುತ್ತದೆ.

ಸಣ್ಣ ಊರುಗಳಲ್ಲಿ ತೊಡಕು ಇಲ್ಲಿಯೇ. ಮಾಲೀಕರು ಇ-ಮೇಲ್ ನೋಡುವುದಿಲ್ಲವೆಂದು ಲೆಕ್ಕ ಬರೆಯುವವರ ಅಥವಾ ಕಂಪ್ಯೂಟರ್ ರಿಪೇರಿಯವರ ವಿಳಾಸ ಕೊಟ್ಟಿರುತ್ತಾರೆ. ಆ ವ್ಯಕ್ತಿ ಕೆಲಸ ಬಿಟ್ಟ ಮೇಲೆ ಯಂತ್ರ ಕೆಟ್ಟರೆ, ಹೊಸ ಯಂತ್ರದಲ್ಲಿ ಲೈಸೆನ್ಸ್ ಸಕ್ರಿಯಗೊಳಿಸಲು ಮಾಲೀಕರು ಅವರನ್ನೇ ಹುಡುಕಬೇಕಾಗುತ್ತದೆ. ಇನ್ನು 'ಕ್ರ್ಯಾಕ್' ಮಾಡಿದ ಪ್ರತಿಯಂತೂ ಅಪಾಯದ ಮಾತು. ವೈರಸ್ ತಡೆಯನ್ನು ಆರಿಸಿ ಅದನ್ನು ಹಾಕಬೇಕೆಂದು ಹೇಳುವವನು, ನಿಮ್ಮ ಖಾತೆಪುಸ್ತಕವಿರುವ ಕೋಣೆಯ ಬಾಗಿಲನ್ನೇ ತೆರೆದಿಡಲು ಹೇಳುತ್ತಿದ್ದಾನೆ.

ಖಾಸಗಿ ನಿಯಮಿತ ಕಂಪನಿ ನಡೆಸುವವರಿಗೆ ಇನ್ನೊಂದು ಹೊಣೆಯಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲಿಸುವಂತಿರಬೇಕು. ಆ ದಾಖಲೆಯನ್ನು ನಿಲ್ಲಿಸಲು ಬರಬಾರದು. ಲೆಕ್ಕ ಪರಿಶೋಧಕರು ಇದರ ಬಗ್ಗೆ ವರದಿಯಲ್ಲಿ ಹೇಳಲೇಬೇಕು.

ರಿಯಾಯಿತಿಯ ನಿಜವಾದ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಅಧಿಕೃತ ಮಾರಾಟಗಾರನ ಬೆಲೆ ರೂ. 10,000; ಶೇ. 18ರ ಜಿಎಸ್‌ಟಿ ರೂ. 1,800; ಒಟ್ಟು ರೂ. 11,800. ಅದೇ ಕೀ ಬಿಲ್ಲಿಲ್ಲದೆ ರೂ. 4,000ಕ್ಕೆ ಸಿಗುತ್ತದೆ ಎನ್ನೋಣ. ಮೇಲ್ನೋಟಕ್ಕೆ ಉಳಿತಾಯ ರೂ. 7,800.

ಬಿಲ್ಲು ಇದ್ದರೆ ರೂ. 1,800 ಹೂಡುವಳಿ ತೆರಿಗೆಯ ಜಮೆಯಾಗಿ ಹಿಂದಿರುಗುತ್ತದೆ. ಉಳಿದ ರೂ. 10,000 ಖರ್ಚಾಗಿಯೋ ಸವಕಳಿಯಾಗಿಯೋ ಲೆಕ್ಕಕ್ಕೆ ಬರುವುದರಿಂದ, ಶೇ. 30ರ ದರದಲ್ಲಿ ತೆರಿಗೆ ಕಟ್ಟುವ ಪಾಲುದಾರಿಕೆ ಸಂಸ್ಥೆಗೆ ಕಾಲಕ್ರಮದಲ್ಲಿ ರೂ. 3,000 ತೆರಿಗೆ ಉಳಿಯುತ್ತದೆ. ನಿಜವಾದ ಹೊರೆ ರೂ. 7,000. ಬಿಲ್ಲಿಲ್ಲದ ರೂ. 4,000ಕ್ಕೆ ಜಮೆಯೂ ಇಲ್ಲ, ಖರ್ಚಿಗೆ ಆಧಾರವೂ ಇಲ್ಲ. ಅಂದರೆ ಉಳಿತಾಯ ಕೇವಲ ರೂ. 3,000. ಕೀ ಒಮ್ಮೆ ರದ್ದಾಗಿ ಅಸಲಿಯನ್ನು ಕೊಳ್ಳಬೇಕಾದರೆ ಒಟ್ಟು ಹೊರೆ ರೂ. 11,000.

ಕಾಂಪೋಸಿಷನ್ ಪದ್ಧತಿಯವರಿಗೆ ಜಿಎಸ್‌ಟಿ ಜಮೆ ಇಲ್ಲ. ಅಂದಾಜು ಲಾಭದ ಮೇಲೆ ಆದಾಯ ತೆರಿಗೆ ಕಟ್ಟುವವರಿಗೆ ಪ್ರತ್ಯೇಕ ಖರ್ಚಿನ ಲಾಭವಿಲ್ಲ. ಅವರ ಲೆಕ್ಕ ಬೇರೆಯಾಗುತ್ತದೆ, ಅಪಾಯ ಮಾತ್ರ ಒಂದೇ.

ವಿದೇಶೀ ಜಾಲತಾಣದಿಂದ ವ್ಯವಹಾರಕ್ಕಾಗಿ ಕೊಂಡರೆ ಅದು ಸೇವೆಯ ಆಮದು. ಜಿಎಸ್‌ಟಿ ನೋಂದಾಯಿತ ವ್ಯಾಪಾರಿ ತಾನೇ ಹಿಮ್ಮುಖ ಪದ್ಧತಿಯಲ್ಲಿ ತೆರಿಗೆ ಕಟ್ಟಬೇಕು. ಇದನ್ನು ಮರೆತವರೇ ಹೆಚ್ಚು.

ಕಾನೂನಿನ ಭಯ ಎಷ್ಟು?

1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದಂತೆ, ಅಕ್ರಮ ಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವುದು ಅಪರಾಧ. ಏಳು ದಿನಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ. ವ್ಯಾಪಾರ ಅಥವಾ ಲಾಭಕ್ಕಾಗಿ ಬಳಸದವರಿಗೆ ನ್ಯಾಯಾಲಯ ಸೆರೆವಾಸದಿಂದ ವಿನಾಯಿತಿ ಕೊಡಬಹುದು. ವ್ಯಾಪಾರಸ್ಥರಿಗೆ ಆ ರಿಯಾಯಿತಿ ಇಲ್ಲ. 'ತಿಳಿದೂ' ಎಂಬ ಪದ ಮುಖ್ಯ. ಅಧಿಕೃತ ಬಿಲ್ಲು ಕೈಯಲ್ಲಿದ್ದವನು ತನ್ನ ಪ್ರಾಮಾಣಿಕತೆಯನ್ನು ತೋರಿಸಬಲ್ಲ. ಕಾಲು ಬೆಲೆಗೆ ಬಿಲ್ಲಿಲ್ಲದೆ ಕೊಂಡವನಿಗೆ ಅದು ಕಷ್ಟ.

ಮೋಸ ಹೋದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದೆಂದು ಹಲವರು ನಂಬಿದ್ದಾರೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಆ ಕಾನೂನಿನ ಪ್ರಕಾರ 'ಗ್ರಾಹಕ'ನಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲು ಮಾತ್ರ ಸರಕು ಕೊಂಡವನಿಗಷ್ಟೇ ವಿನಾಯಿತಿ ಇದೆ.

ಕೊಳ್ಳುವಾಗ ಪಾಲಿಸಬೇಕಾದ ಕ್ರಮ

1. ಮಾರುವವನ ಹೆಸರು ತಯಾರಕರ ಅಧಿಕೃತ ಮಾರಾಟಗಾರರ ಪಟ್ಟಿಯಲ್ಲಿದೆಯೇ ಎಂದು ತಯಾರಕರ ಜಾಲತಾಣದಲ್ಲಿಯೇ ನೋಡಿರಿ. ಮಾರುವವನು ಕಳಿಸಿದ ಕೊಂಡಿಯನ್ನು ಬಳಸಬೇಡಿರಿ.

2. ಅವನ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಪರೀಕ್ಷಿಸಿರಿ. ಹೆಸರು ಮತ್ತು ವಿಳಾಸ ತಾಳೆಯಾಗಬೇಕು, ನೋಂದಣಿ ಚಾಲ್ತಿಯಲ್ಲಿರಬೇಕು.

3. ಬಿಲ್ಲಿನಲ್ಲಿ ತಂತ್ರಾಂಶದ ಹೆಸರು, ಆವೃತ್ತಿ, ಲೈಸೆನ್ಸಿನ ಬಗೆ, ಅವಧಿ, ಎಷ್ಟು ಯಂತ್ರಕ್ಕೆ ಎಂಬುದೆಲ್ಲ ಬರೆದಿರಲಿ. ನಿಮ್ಮ ಜಿಎಸ್‌ಟಿ ಸಂಖ್ಯೆಯೂ ಇರಲಿ.

4. ಹಣವನ್ನು ಸಂಸ್ಥೆಯ ಬ್ಯಾಂಕ್ ಖಾತೆಗೇ ಕಳಿಸಿರಿ. ಯಾರದೋ ಸ್ವಂತ ಯುಪಿಐ ಸಂಖ್ಯೆ ಕೊಟ್ಟರೆ ವ್ಯವಹಾರ ಅಲ್ಲಿಗೇ ನಿಲ್ಲಿಸಿರಿ.

5. ಲೈಸೆನ್ಸನ್ನು ಮಾಲೀಕರ ಅಥವಾ ಸಂಸ್ಥೆಯ ಸ್ವಂತ ಇ-ಮೇಲ್ ವಿಳಾಸಕ್ಕೆ ನೋಂದಾಯಿಸಿರಿ. ಅದರ ಗುಪ್ತಪದ ಮಾಲೀಕರ ಬಳಿಯೇ ಇರಲಿ.

6. ಬಿಲ್ಲು ಜಿಎಸ್‌ಟಿಆರ್-2ಬಿಯಲ್ಲಿ ಬಂದಿದೆಯೇ ಎಂದು ಮುಂದಿನ ತಿಂಗಳು ತಾಳೆ ನೋಡಿರಿ. ಬಾರದಿದ್ದರೆ ಜಮೆ ಇಲ್ಲ.

7. ಕಾಗದಪತ್ರಗಳನ್ನು ಕಾಪಾಡಿರಿ. ವಾರ್ಷಿಕ ವಿವರಪತ್ರದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಡಬೇಕೆಂದು ಜಿಎಸ್‌ಟಿ ಕಾನೂನು ಹೇಳುತ್ತದೆ. ಲೈಸೆನ್ಸ್ ಬಳಕೆಯಲ್ಲಿರುವವರೆಗೆ ಅದರ ಬಿಲ್ಲು ಇರಲೇಬೇಕು.

ಈಗಾಗಲೇ ಕೊಂಡಿದ್ದರೆ

ಗಾಬರಿಗೆ ಕಾರಣವಿಲ್ಲ, ಆದರೆ ತಡ ಮಾಡಬಾರದು. ಮೊದಲು ಲೆಕ್ಕದ ದತ್ತಾಂಶದ ಒಂದು ಪ್ರತಿಯನ್ನು ತೆಗೆದು ಬೇರೆಡೆ ಇಡಿರಿ. ಯಾವ ಯಂತ್ರದಲ್ಲಿ ಯಾವ ತಂತ್ರಾಂಶವಿದೆ, ಬಿಲ್ಲು ಇದೆಯೇ, ಯಾರ ಇ-ಮೇಲ್‌ಗೆ ನೋಂದಣಿಯಾಗಿದೆ ಎಂಬ ಪಟ್ಟಿ ಮಾಡಿರಿ. ಸಂದೇಹಾಸ್ಪದವಾದವುಗಳಲ್ಲಿ ಮೊದಲು ಲೆಕ್ಕದ ತಂತ್ರಾಂಶ, ಆಮೇಲೆ ವಿಂಡೋಸ್ ಎಂಬ ಕ್ರಮದಲ್ಲಿ ಅಸಲಿಗೆ ಬದಲಿಸಿರಿ. ಪತ್ರ ಬರೆಯಲು, ಸಣ್ಣ ಕೋಷ್ಟಕ ಮಾಡಲು ಮಾತ್ರ ಬೇಕಿದ್ದರೆ ಲಿಬ್ರೆಆಫೀಸ್‌ನಂತಹ ಉಚಿತ ತಂತ್ರಾಂಶ ಸಾಕು. ಅದು ಕಾನೂನುಬದ್ಧವೂ ಹೌದು. ಹಣ ತೆತ್ತು ಮೋಸ ಹೋಗಿದ್ದರೆ ಬ್ಯಾಂಕಿಗೂ 1930 ಸಹಾಯವಾಣಿಗೂ ಕೂಡಲೇ ತಿಳಿಸಿರಿ.

ಪ್ರತಿ ವರ್ಷ ಮಾರ್ಚ್ 31ರಂದು ದಾಸ್ತಾನು ಎಣಿಸುವ ಪದ್ಧತಿ ನಮ್ಮಲ್ಲಿದೆ. ಅದೇ ದಿನ ಈ ಲೈಸೆನ್ಸ್ ಪಟ್ಟಿಯನ್ನೂ ಬಿಲ್ಲುಗಳೊಡನೆ ತಾಳೆ ನೋಡಿ ಸಹಿ ಮಾಡಿಟ್ಟರೆ, ಅರ್ಧ ಗಂಟೆಯ ಕೆಲಸದಿಂದ ವರ್ಷವಿಡೀ ನೆಮ್ಮದಿ ದೊರೆಯುತ್ತದೆ.