ಫಲ ಕಾಣದ ಕಾಲದ ಪರಿಶ್ರಮ

ಐಚ್ಛಿಕ ಕನ್ನಡವನ್ನು ಆರಿಸಿಕೊಂಡ ವಿದ್ಯಾರ್ಥಿಗಳಲ್ಲಿ ಹಲವರು ಮೊದಲ ವರ್ಷದ ನಡುವೆಯೇ ‘ಎಷ್ಟು ಓದಿದರೂ ಹಳಗನ್ನಡ ತಲೆಗೆ ಹತ್ತುತ್ತಿಲ್ಲ’ ಎನ್ನತೊಡಗುತ್ತಾರೆ. ಶಾಲೆಯಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿ ಬಂದವರಿಗಂತೂ ಈ ಭಾರ ಇಮ್ಮಡಿ. ತಿಂಗಳುಗಟ್ಟಲೆ ದುಡಿದರೂ ಫಲ ಕಾಣದಿದ್ದಾಗ ತಮ್ಮಲ್ಲಿಯೇ ಶಕ್ತಿಯಿಲ್ಲವೆಂದು ಭಾವಿಸಿ ಕೆಲವರು ವಿಷಯವನ್ನೇ ಬಿಟ್ಟುಬಿಡುತ್ತಾರೆ. ಆದರೆ ಈ ವಿಳಂಬಕ್ಕೆ ಕಾರಣ ಬಹುಮಟ್ಟಿಗೆ ಭಾಷಾಭ್ಯಾಸದ ಸ್ವರೂಪದಲ್ಲಿಯೇ ಇದೆ.

‘ಪಾಲ್’ ಎಂದರೆ ಹಾಲು ಎಂದು ಕಲಿತವನಿಗೆ ಒಂದು ಶಬ್ದ ಮಾತ್ರ ದಕ್ಕುತ್ತದೆ. ‘ಪಲ್’, ‘ಪಣ್’ ಎಂಬವನ್ನು ಕಲಿತಾಗಲೂ ಅಷ್ಟೇ. ಈ ಮೂರನ್ನೂ ಹಾಲು, ಹಲ್ಲು, ಹಣ್ಣು ಎಂಬವುಗಳ ಪಕ್ಕದಲ್ಲಿ ಬರೆದಿಟ್ಟಾಗ ಎರಡು ನಿಯಮಗಳು ತೋರುತ್ತವೆ: ಮೊದಲಿನ ಪಕಾರ ಹಕಾರವಾಗಿದೆ, ವ್ಯಂಜನಾಂತ ಪದ ಸ್ವರಾಂತವಾಗಿದೆ. ಆಮೇಲೆ ‘ಪೊನ್’, ‘ಪುಲ್’ ಎಂಬವಕ್ಕೆ ಯಾರೂ ಅರ್ಥ ಹೇಳಬೇಕಾಗಿಲ್ಲ. ಸಂಸ್ಕೃತದಿಂದ ಬಂದ ‘ಪದ’, ‘ಪಾಪ’ಗಳು ಏಕೆ ಬದಲಾಗಲಿಲ್ಲವೆಂಬ ಪ್ರಶ್ನೆಯೂ ತಾನಾಗಿ ಹುಟ್ಟುತ್ತದೆ. ಸಾಕಷ್ಟು ಶಬ್ದಗಳು ಕೂಡಿದ ಮೇಲೆಯೇ ನಿಯಮ ಕಣ್ಣಿಗೆ ಬೀಳುವುದರಿಂದ, ಅಲ್ಲಿಯವರೆಗಿನ ಶ್ರಮ ನಿಷ್ಫಲವೆಂಬಂತೆ ತೋರುತ್ತದೆ.

ಇದೇ ಸಂಗತಿಯನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಇತಿಹಾಸವನ್ನು ಗಮನಿಸಬೇಕು. 1940ರ ದಶಕದಲ್ಲಿ ಆರಂಭವಾದ ಈ ಕಾರ್ಯದ ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ. ಎಂಟನೆಯ ಹಾಗೂ ಕೊನೆಯ ಸಂಪುಟ 1995ರಲ್ಲಿ. ಇಷ್ಟು ಕಾಲ ಏಕೆ ಬೇಕಾಯಿತು? ಕಾವ್ಯ, ಶಾಸ್ತ್ರ, ಶಾಸನಗಳನ್ನು ಓದಿ, ಒಂದೊಂದು ಶಬ್ದವನ್ನೂ ಅದರ ಪ್ರಯೋಗದೊಡನೆ ಬೇರೆ ಬೇರೆ ಚೀಟಿಗಳಲ್ಲಿ ಬರೆದು, ಅಕಾರಾದಿಯಾಗಿ ಜೋಡಿಸಬೇಕು. ಕೊನೆಗೆ ಓದಿದ ಗ್ರಂಥದಲ್ಲಿಯೂ ಅಕಾರದ ಶಬ್ದಕ್ಕೆ ಹೊಸ ಅರ್ಥವೊಂದು ಸಿಗಬಹುದು. ಆದ್ದರಿಂದ ಸಂಗ್ರಹ ಬಹುಪಾಲು ಮುಗಿಯುವವರೆಗೆ ಮೊದಲ ಪುಟವನ್ನೂ ನಿಶ್ಚಯಿಸಲಾಗದು. ನಿಘಂಟಿನ ಸಂಪಾದನೆಗೆ ನೇತೃತ್ವ ನೀಡಿದ್ದ ಡಿ. ಎಲ್. ನರಸಿಂಹಾಚಾರ್ಯರು 1971ರಲ್ಲಿ ತೀರಿಕೊಂಡರು. ಕೃತಿ ಪೂರ್ಣಗೊಂಡುದನ್ನು ಅವರು ಕಾಣಲಿಲ್ಲ. ಜಿ. ವೆಂಕಟಸುಬ್ಬಯ್ಯ ಮೊದಲಾದವರು ಕಾರ್ಯವನ್ನು ಮುಂದುವರಿಸಿದರು. ಹಿಂದಿನವರ ಚೀಟಿಗಳು ಕ್ರಮವಾಗಿ ಉಳಿದಿದ್ದುದರಿಂದಲೇ ಅದು ಸಾಧ್ಯವಾಯಿತು.

ಪಟ್ಟುಹಿಡಿದ ದುಡಿಮೆಗೂ ಬರಿಯ ಹಟಕ್ಕೂ ಇರುವ ಅಂತರ ಇಲ್ಲಿಯೇ ತಿಳಿಯುತ್ತದೆ. ಅರ್ಥವಾಗದ ಪದ್ಯವನ್ನು ಅದೇ ರೀತಿಯಲ್ಲಿ ಹತ್ತು ಸಲ ಓದುವುದು ಹಟ. ಆ ಪದ್ಯದಿಂದ ನಾಲ್ಕು ಶಬ್ದಗಳನ್ನು ಆರಿಸಿ, ಅರ್ಥ, ಪ್ರಯೋಗ, ಇಂದಿನ ರೂಪ ಮತ್ತು ದೊರೆತ ಸ್ಥಳಗಳೊಡನೆ ಬರೆದಿಡುವುದು ಪರಿಶ್ರಮ. ಮೊದಲನೆಯದು ಆ ದಿನವೇ ಕರಗಿಹೋಗುತ್ತದೆ. ಎರಡನೆಯದು ನಾಳೆಯ ಓದಿಗೆ ಬಂಡವಾಳವಾಗುತ್ತದೆ. ಆದ್ದರಿಂದ ಫಲ ಕಾಣದ ಅವಧಿಯಲ್ಲಿ ವಿದ್ಯಾರ್ಥಿಯು ‘ನನಗೆ ಎಷ್ಟು ಬಂತು?’ ಎಂದು ಕೇಳಿಕೊಳ್ಳುವುದಕ್ಕಿಂತ, ‘ಇಂದಿನ ಕೆಲಸದಲ್ಲಿ ನಾಳೆಗೆ ಉಳಿದದ್ದೇನು?’ ಎಂದು ಕೇಳಿಕೊಳ್ಳುವುದು ಯುಕ್ತ.

ದಿನಕ್ಕೆ ನಾಲ್ಕು ಶಬ್ದಗಳೆಂದರೆ ನೂರು ದಿನಗಳಿಗೆ ನಾನೂರು. ಪರೀಕ್ಷೆಯ ಅಂಕಪಟ್ಟಿಯಲ್ಲಿ ಇವು ಕೂಡಲೇ ಕಾಣದಿರಬಹುದು. ಆದರೆ ಪಂಪನನ್ನೋ ರನ್ನನನ್ನೋ ಮುಂದೆ ಓದುವಾಗ, ಹಿಂದೆ ಬರೆದಿಟ್ಟ ಶಬ್ದ ಹೊಸ ಪದ್ಯದಲ್ಲಿ ಪರಿಚಿತವಾಗಿ ಎದುರಾಗುತ್ತದೆ. ಹಳಗನ್ನಡ ಹತ್ತತೊಡಗುವುದು ಹೀಗೆಯೇ.