ರೋಣದ ಪಡಸಾಲೆಯಲ್ಲಿ ಶ್ಯಾವಿಗಿ ಮಣಿ

ಯುಗಾದಿ ಮುಗಿದು ಬಸವ ಜಯಂತಿ ಇನ್ನೂ ದೂರವಿರುವಾಗ ರೋಣದ ಸುತ್ತಲಿನ ಎರೆಹೊಲಗಳು ಬರಿದಾಗಿ ಬಿದ್ದಿರುತ್ತವೆ. ಕಡಲೆ ಮಾರಿ ಆಗಿರುತ್ತದೆ, ಜೋಳ ಚೀಲ ಸೇರಿರುತ್ತದೆ, ಕಣಿಕೆಯ ಬಣವೆ ಒಟ್ಟಿ ಆಗಿರುತ್ತದೆ. ಕರಿನೆಲ ಬಿರಿದು, ಕೈ ಇಳಿಸಿದರೆ ಮೊಳಕೈವರೆಗೂ ಹೋಗುವಂಥ ಬಿರುಕು ಬಿಟ್ಟಿರುತ್ತದೆ. ಹೊಲಕ್ಕೆ ಬಿಡುವು ಸಿಕ್ಕಿತೆಂದರೆ ಹೆಂಗಸರಿಗೂ ಸಿಕ್ಕಿತೆಂದು ತಿಳಿಯಬೇಡಿ. ಹಪ್ಪಳ, ಸಂಡಿಗೆ, ಕುರಡಗಿ, ಖಾರಪುಡಿ, ಉಪ್ಪಿನಕಾಯಿ ಎಂದು ಕೆಲಸವೆಲ್ಲ ಹೊಲದಿಂದ ಎದ್ದು ಮನೆಗೆ ಬರುವ ಕಾಲ ಅದು. ಅವುಗಳಲ್ಲೆಲ್ಲ ಹಿರಿಯದು ಶ್ಯಾವಿಗಿ. ಮಿಕ್ಕದ್ದನ್ನು ಒಬ್ಬಳೇ ಕೂತು ಮುಗಿಸಬಹುದು, ಶ್ಯಾವಿಗಿಗೆ ನಾಲ್ಕು ಮಂದಿಯಾದರೂ ಬೇಕು.

ಊರೂರು ತಿರುಗುವವರು ಇಟಲಿಗೆ ಹೋದರೆ ಈಗ ಪಾಸ್ತಾ ಕಲಿಯುವ ತರಗತಿಗೆ ಸೇರುವುದು ವಾಡಿಕೆಯಾಗಿದೆ. ಬೊಲೋನ್ಯ, ಫ್ಲಾರೆನ್ಸ್, ರೋಮ್ ಎಲ್ಲಿ ನೋಡಿದರೂ ಏಪ್ರನ್ ಕಟ್ಟಿಕೊಂಡ ಪ್ರವಾಸಿಗರು ಹಿಟ್ಟು ನಾದುತ್ತಿರುತ್ತಾರೆ. ತಾವು ಲಟ್ಟಿಸಿ ಕೊಯ್ದದ್ದನ್ನು ಅಲ್ಲೇ ಬೇಯಿಸಿಕೊಂಡು ಉಂಡು ಎದ್ದುಬರುತ್ತಾರೆ. ಅಂಥದ್ದೇ ಒಂದು ಪಾಠ ಗದಗಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ, ರೋಣದ ಒಂದು ಮಾಳಿಗೆ ಮನೆಯಲ್ಲಿ ನನಗೆ ಸಿಕ್ಕಿತು. ಫೀಸು ಇರಲಿಲ್ಲ. ಇರಲಿಲ್ಲವೆಂದು ಆಗ ಅಂದುಕೊಂಡಿದ್ದೆ.

ಬೆಳಗಿನ ಆರಕ್ಕೆ ಪಡಸಾಲೆಯಲ್ಲಿ ಒನಕೆಯ ಸದ್ದು. ಕೆಲಸ ಶುರುವಾದದ್ದು ಮಾತ್ರ ಅದಕ್ಕೂ ಎರಡು ದಿನ ಮೊದಲು. ಗೋಧಿಯನ್ನು ತೊಳೆದು, ನೆರಳಲ್ಲಿ ಅರೆಬರೆ ಆರಿಸಿ, ಒಳಗಿನ ಪಸೆ ಹೋಗುವ ಮೊದಲೇ ಗಿರಣಿಗೆ ಒಯ್ದಿದ್ದರು. ಹಾಗೆ ಮಾಡಿದರೆ ಹೊಟ್ಟು ಪುಡಿಯಾಗದೆ ಹಾಳೆ ಹಾಳೆಯಾಗಿ ಬಿಟ್ಟುಕೊಳ್ಳುತ್ತದೆ, ಸಾಣಿಗೆಯಲ್ಲಿ ಸುಲಭವಾಗಿ ಬೇರೆಯಾಗುತ್ತದೆ. ಆಮೇಲೆ ಪಾತ್ರೆಯ ಬಾಯಿಗೆ ತೆಳು ಪಂಚೆ ಬಿಗಿದು ಸೋಸಿದ್ದರು. ದಪ್ಪ ರವೆ ಉಪ್ಪಿಟ್ಟಿಗೆ ಹೋಯಿತು, ಹೊಟ್ಟು ಎಮ್ಮೆಗೆ. ಬಟ್ಟೆಯಿಂದ ಇಳಿದ ನುಣ್ಣನೆಯದಕ್ಕೆ ಸಣ್ಣ ರವೆ ಬೆರೆಸಿ, ಉಪ್ಪುನೀರಲ್ಲಿ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಹೊದಿಸಿ ರಾತ್ರಿಯಿಡೀ ಬಿಟ್ಟಿದ್ದರು. ಈಗ ಆ ಮುದ್ದೆ ಕಲ್ಲಿನ ಮೇಲೆ ಪೆಟ್ಟು ತಿನ್ನುತ್ತಿತ್ತು. ಕುಟ್ಟುವುದು, ಮಡಚುವುದು, ಶೇಂಗಾ ಎಣ್ಣೆ ಸವರುವುದು, ಮತ್ತೆ ಕುಟ್ಟುವುದು. ಹಿರಿಯಾಕೆ ನಡುನಡುವೆ ಒಂದು ಚಿವುಟು ತೆಗೆದು ಎರಡೂ ಕೈಯಲ್ಲಿ ಜಗ್ಗಿ ನೋಡುತ್ತಿದ್ದಳು. ಪಟ್ಟನೆ ಹರಿದರೆ ತಲೆ ಅಲ್ಲಾಡಿಸುವಳು, ಒನಕೆ ಮತ್ತೆ ಎದ್ದೇಳುವುದು. ಗೇಣುದ್ದ ಹರಿಯದೆ ಬಂದಾಗ ಏನೂ ಹೇಳದೆ ಸೆರಗು ಸಿಕ್ಕಿಸಿಕೊಂಡು ಮಣೆಯ ಕಡೆ ಹೊರಟಳು.

ಮಣೆ ಎಂದರೆ ಆಳುದ್ದದ ಹಲಗೆ. ಒಂದು ತುದಿ ಪಡಸಾಲೆಯ ಕಟ್ಟೆಯ ಮೇಲೆ, ಇನ್ನೊಂದು ಕೆಳಗೆ ನೆಲದ ಮೇಲೆ. ವರ್ಷಗಟ್ಟಲೆ ಎಣ್ಣೆ ಉಂಡು ಅದರ ಮೈ ಕಪ್ಪಾಗಿ ಮಿರುಗುತ್ತದೆ. ನಡುವೆ ಬೆರಳಿಗಷ್ಟೇ ತಿಳಿಯುವ ಸಣ್ಣ ಗೀರುಗಳು. ಹೊಸೆಯುವವಳು ಮೇಲಿನ ತುದಿಯಲ್ಲಿ ಆಚೀಚೆ ಕಾಲು ಚಾಚಿ ಕೂರುತ್ತಾಳೆ. ನಿಂಬೆಗಾತ್ರದ ಹಿಟ್ಟನ್ನು ಮುಂದಿಟ್ಟು ಅಂಗೈಯ ಬುಡದಿಂದ ಒತ್ತಿ ಕೆಳಕ್ಕೆ ಉಜ್ಜುತ್ತಾಳೆ. ಹಿಟ್ಟು ಮೊದಲು ಕಿರುಬೆರಳಷ್ಟಾಗಿ, ಆಮೇಲೆ ದಾರವಾಗಿ ಜಾರುತ್ತದೆ. ಕೆಳಗೆ ಕೂತಾಕೆ ಆ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತನ್ನ ಕಡೆ ಬರಮಾಡಿಕೊಳ್ಳುತ್ತಾಳೆ. ಮೂರನೆಯವಳು ಅದನ್ನು ಕೋಲಿಗೆ ಎತ್ತಿ ಹಾಕುತ್ತಾಳೆ. ನಾಲ್ಕನೆಯವಳು ಕೋಲನ್ನು ಒಯ್ದು ಹಗ್ಗದ ನಡುವೆ ಸಿಕ್ಕಿಸಿ ಬರುತ್ತಾಳೆ. ಮೇಲಿನ ಕೈ ನಿಂತರೆ ಎಲ್ಲರ ಕೈಯೂ ನಿಲ್ಲಬೇಕು. ಕೆಳಗಿನ ಕೈ ಅವಸರ ಮಾಡಿದರೆ ಎಳೆ ಹರಿಯುತ್ತದೆ.

ನನಗೆ ಕೊಟ್ಟದ್ದು ಎಳೆ ಹಿಡಿಯುವ ಜಾಗ. ಹೊಸಬರನ್ನು ಕೂರಿಸುವುದು ಅಲ್ಲೇ. ಮಗ್ಗುಲಲ್ಲಿ ಬೇಸಿಗೆ ರಜೆಯ ಹೈಸ್ಕೂಲು ಹುಡುಗಿಯೊಬ್ಬಳು ನನಗಿಂತ ಒಂದು ದಿನ ಹಿರಿಯ ವಿದ್ಯಾರ್ಥಿನಿ.

“ಎಳೀಬ್ಯಾಡ್ರಿ, ಅದು ತಾನ ಬರತೈತಿ,” ಅಂದಳು ಮೇಲಿನಾಕೆ.

“ಎಳೀದಿದ್ರ ನೆಲಕ್ಕ ಬೀಳತೈತಲ್ಲ?” ಅಂದಳು ಹುಡುಗಿ, ನನ್ನ ಪರವಾಗಿ.

“ಬೀಳೂದಿಲ್ಲ. ಹಿಡಕೊಂಡು ಕೂಡು ಅಂದ್ರ ಕೂಡು.”

ಪಾಠ ಇಷ್ಟೇ. ಉಳಿದದ್ದನ್ನು ಬೆರಳು ತಾನೇ ಕಂಡುಕೊಳ್ಳಬೇಕು. ತೋರುಬೆರಳಿಗೂ ಹೆಬ್ಬೆರಳಿಗೂ ನಡುವೆ ಎಳೆ ನಡೆದುಬರುವಾಗ ಅದಕ್ಕೊಂದು ಸಣ್ಣ ಜಗ್ಗು ಇರುತ್ತದೆ. ಆ ಜಗ್ಗು ಒಂದೇ ಸಮ ಇರುವವರೆಗೂ ಎಳೆಯ ದಪ್ಪವೂ ಒಂದೇ ಸಮ. ಎಲ್ಲೋ ಒಂದು ಕಡೆ ಜಗ್ಗು ಸಡಿಲಾಯಿತೆನಿಸಿದರೆ ಅಲ್ಲಿ ಗಂಟು ಬರಲಿದೆ ಎಂದೇ ಅರ್ಥ. ಮೇಲಿನವಳಿಗೆ ಹೇಳುವ ಮೊದಲೇ ಅವಳ ಅಂಗೈ ಅದನ್ನು ಅರಿತು ಒತ್ತಡ ಬದಲಿಸಿರುತ್ತದೆ. ಇಬ್ಬರ ಮಾತುಕತೆ ನಡೆಯುವುದು ಹಿಟ್ಟಿನ ಮೂಲಕ. ಬಾಯಿ ಬೇರೆ ಸುದ್ದಿಗೆ ಬಿಡುವಾಗಿಯೇ ಇರುತ್ತದೆ, ಆ ಬಿಡುವನ್ನು ಅಲ್ಲಿ ಯಾರೂ ವ್ಯರ್ಥ ಮಾಡಲಿಲ್ಲ. ಮೂರು ಓಣಿಗಳ ಸಂಬಂಧ, ಸಾಲ, ಬಾಣಂತನ ಎಲ್ಲ ಮಧ್ಯಾಹ್ನದೊಳಗೆ ನನಗೆ ಬಾಯಿಪಾಠ.

ಸಣ್ಣದಾಗಿದೆಯೋ ಇಲ್ಲವೋ ಎಂದು ನೋಡಲು ಹಿರಿಯಾಕೆ ಕೋಲನ್ನೆತ್ತಿ ಮಾಳಿಗೆಯ ಬೆಳಕಿಂಡಿಯ ಕೆಳಗೆ ಹಿಡಿಯುತ್ತಿದ್ದಳು. ಬಿಸಿಲುಕೋಲು ಎಳೆಗಳ ನಡುವೆ ಹಾಯ್ದು ಅವುಗಳೊಳಗೂ ಒಂದಿಷ್ಟು ಇಳಿದು ಹಳದಿಯಾಗಿ ಕಂಡರೆ ಪಾಸು. ಕಪ್ಪಗೆ ಗೆರೆಯಾಗಿ ನಿಂತರೆ ದಪ್ಪವಾಯಿತು. ಬೊಲೋನ್ಯದವರು ಇದಕ್ಕೆ ಬೇರೆ ಹಾದಿ ಹಿಡಿದಿದ್ದಾರೆ: ಬೆಂದ ತಾಲ್ಯಾತೆಲ್ಲೆ ಎಂಬ ಪಾಸ್ತಾದ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಸಿ, ಬಂಗಾರದಲ್ಲಿ ಒಂದು ಮಾದರಿ ಎಳೆಯನ್ನೇ ಮಾಡಿಸಿ ಇಟ್ಟಿದ್ದಾರೆ. ಕೇಳಲು ಚೆಂದ. ನನ್ನನ್ನು ಕೇಳಿದರೆ ಬೆಳಕಿಂಡಿಯೇ ಒಳ್ಳೆಯ ಅಳತೆ, ಕಳ್ಳರ ಕಾಟವೂ ಇಲ್ಲ.

ಎರಡನೆಯ ಮುದ್ದೆಗೆ ಕೈ ಹಚ್ಚುವ ಹೊತ್ತಿಗೆ ಜಗಳವೊಂದು ಎದ್ದಿತು. ಆ ಗೋಧಿ ನರಗುಂದದ ಬೀಗರ ಮನೆಯಿಂದ ಬಂದದ್ದು. ಕಾಲುವೆ ನೀರು ಉಂಡ ಗೋಧಿ ಮೆತ್ತಗಿರುತ್ತದೆ, ಶ್ಯಾವಿಗಿಗೆ ಮಳೆಯ ಗೋಧಿಯೇ ಆಗಬೇಕು ಎಂದು ಒಬ್ಬಳ ವಾದ. ನರಗುಂದದವರಿಗೆ ಕಾಲುವೆ ಬಂದದ್ದು ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ. ಅದೇ ಕಾಲುವೆಯ ಕರದ ಭಾರಕ್ಕೆ ರೈತರು ಬಂಡೆದ್ದದ್ದು, 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆದದ್ದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಆ ಮನೆಯ ಸೊಸೆ ನರಗುಂದದವಳು. ತವರಿನ ಗೋಧಿಯನ್ನು ಬಿಟ್ಟುಕೊಡುವವಳಲ್ಲ. “ನೀರ ಇಲ್ಲದ ಊರಾಗ ಇದ್ದು ನೀರಿನ ಗ್ವಾದಿಗೆ ಹೆಸರಿಡತೀರಿ,” ಎಂದು ಅವಳು ಅಂದದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಜಗಳ ಹುರುಳಿಲ್ಲದ್ದೇನೂ ಅಲ್ಲ. ಎರೆಮಣ್ಣು ಹಿಂಗಾರಿ ಮಳೆಯ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಬೆಳೆ ಸಾಕುತ್ತದೆ. ಅಂಥ ಅರೆಬಾಯಾರಿಕೆಯಲ್ಲಿ ಬೆಳೆದ ಗೋಧಿಯ ಕಾಳು ಚಿಕ್ಕದು, ಗಾಜಿನಂತೆ ಗಟ್ಟಿ, ಅದರಲ್ಲಿ ಪ್ರೋಟೀನಿನ ಪಾಲು ಹೆಚ್ಚು. ಗಿರಣಿಯಲ್ಲಿ ಅದು ಹಿಟ್ಟಾಗುವ ಬದಲು ರವೆಯಾಗುತ್ತದೆ. ಅಂಗಡಿಗಳಲ್ಲಿ ಬನ್ಸಿ ರವೆ ಎಂದು ಮಾರುವುದು ಈ ಡ್ಯೂರಮ್ ಜಾತಿಯದು. ಧಾರವಾಡ ಕಡೆಯ ಬಿಜಗಾ ಹಳದಿ ತಳಿಯೂ ಅದೇ ಕುಲದ್ದು. ಇನ್ನೊಂದು ಸದಕ, ಸಿಪ್ಪೆ ಬಿಡದ ಪುರಾತನ ಗೋಧಿ. ಹುಗ್ಗಿಗೂ ಶ್ಯಾವಿಗಿಗೂ ಹೆಸರಾದದ್ದು. ಚಪಾತಿ ಗೋಧಿಯೂ ಸೇರಿ ಮೂರೂ ಜಾತಿಗಳನ್ನು ಬೆಳೆಯುವ ನಾಡು ನಮ್ಮದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸದಕದಲ್ಲೇ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳನ್ನು ಮಾಡಿ ಕೊಟ್ಟಿದೆ. ಇಟಲಿಯಲ್ಲಂತೂ ಒಣಪಾಸ್ತಾವನ್ನು ಡ್ಯೂರಮ್ ರವೆಯಲ್ಲೇ ಮಾಡಬೇಕೆಂದು 1967ರಲ್ಲಿ ಕಾನೂನೇ ಆಯಿತು. ರೋಣದಲ್ಲಿ ಕಾನೂನಿಲ್ಲ, ಮೆತ್ತನೆಯ ಹಿಟ್ಟು ತಂದರೆ ಓಣಿಯವರು ವರ್ಷವಿಡೀ ಆಡಿಕೊಳ್ಳುತ್ತಾರೆ, ಅಷ್ಟೇ.

ಬಿಸಿಲೇರಿದ ಮೇಲೆ ಮಣೆಯ ಮೇಲೆ ಕೂತವಳು ಬದಲಾದಳು. ಈಗ ಬಂದಾಕೆ ಗಜೇಂದ್ರಗಡದ ನೇಕಾರರ ಓಣಿಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಗುಡ್ಡದ ನೆತ್ತಿಯಲ್ಲಿ ಕೋಟೆ, ಅಂಚಿನಲ್ಲಿ ಕಾಲಕಾಲೇಶ್ವರ, ಸುತ್ತ ಗಾಳಿಯಂತ್ರಗಳ ಸಾಲು, ಕೆಳಗೆ ಪಟ್ಟೇದ ಅಂಚಿನ ಸೀರೆ ನೇಯುವ ಕೈಮಗ್ಗಗಳು ಇರುವ ಊರು ಅದು. ಅವಳ ಕೈಗೆ ಬಂದ ಮೇಲೆ ಎಳೆ ಇನ್ನಷ್ಟು ಸಣ್ಣಗಾಯಿತು, ಹರಿಯುವುದು ನಿಂತೇ ಹೋಯಿತು. ಅವಳು ಎಳೆಯನ್ನು ನೋಡುವುದೇ ಇಲ್ಲ, ಎದುರಿನ ಗೋಡೆ ನೋಡುತ್ತಾ ಹೊಸೆಯುತ್ತಾಳೆ. ಅಂಗಳದಲ್ಲಿ ಕೋಲುಕೋಲಾಗಿ ತೂಗಿದ್ದನ್ನು ಕಂಡರೆ ಬಣ್ಣಕ್ಕೆ ಹಾಕುವ ಮೊದಲು ಒಣಗಿಸಿದ ನೂಲಿನ ಲಡಿಗಳೇ. ಗಾಳಿ ಬೀಸಿದಾಗ ಮಾತ್ರ ಎಲ್ಲರೂ ಎದ್ದು ಓಡುವರು. ಬೆಳಗಿನ ತಂಗಾಳಿ ಒಳ್ಳೆಯದು, ಒಣಗಿಸುತ್ತದೆ. ಮಧ್ಯಾಹ್ನದ ಝಳದ ಗಾಳಿ ಎಳೆಯ ಹೊರಮೈಯನ್ನಷ್ಟೇ ಬೇಗ ಒಣಗಿಸಿ, ಒಳಗೆ ಹಸಿ ಉಳಿಸಿ ಚಟಚಟನೆ ಮುರಿಸುತ್ತದೆ. ಆದ್ದರಿಂದ ಹನ್ನೊಂದರ ಮೇಲೆ ಕೋಲುಗಳೆಲ್ಲ ನೆರಳಿಗೆ.

ದೂರದ ಇಟಲಿಯ ಸಾರ್ಡೀನಿಯ ದ್ವೀಪದಲ್ಲಿ ಇವರನ್ನು ಕಂಡರೆ ಗುರುತು ಹಿಡಿಯುವಂಥ ಹೆಂಗಸರಿದ್ದಾರೆ. ನೂರೊ ಎಂಬ ಊರಿನಲ್ಲಿ ಡ್ಯೂರಮ್ ರವೆ, ನೀರು, ಉಪ್ಪು ಇಷ್ಟನ್ನೇ ನಾದಿ, ಕೈಯಲ್ಲೇ ಜಗ್ಗಿ ಮಡಚಿ, ಮತ್ತೆ ಜಗ್ಗಿ ಮಡಚಿ, ಎಂಟು ಸಲಕ್ಕೆ 256 ಎಳೆ ಮಾಡುತ್ತಾರೆ. ಅದನ್ನು ಹುಲ್ಲಿನ ತಟ್ಟೆಯ ಮೇಲೆ ಮೂರು ಪದರವಾಗಿ ಅಡ್ಡಡ್ಡ ಹಾಸಿ ಬಿಸಿಲಿಗಿಡುತ್ತಾರೆ. ಹೆಸರು ಸು ಫಿಲಿಂದೆವು. ಮೇ ಮತ್ತು ಅಕ್ಟೋಬರ್ ತಿಂಗಳಲ್ಲಿ ಲೂಲದ ಸಂತ ಫ್ರಾನ್ಸಿಸನ ಜಾತ್ರೆಗೆ ರಾತ್ರಿಯಿಡೀ ನಡೆದು ಬಂದವರಿಗೆ ಕುರಿಮಾಂಸದ ಸಾರಿನಲ್ಲಿ ಹಾಕಿ ಬಡಿಸುತ್ತಾರೆ. ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಅದೇ ದೇಶದ ಬಾರಿ ಪಟ್ಟಣದ ಹಳೇ ಓಣಿಯಲ್ಲೂ ಹೆಂಗಸರು ಬಾಗಿಲ ಮುಂದೆ ಹಲಗೆ ಹಾಕಿಕೊಂಡು, ಚಾಕುವಿನಿಂದ ಹಿಟ್ಟಿನ ತುಣುಕು ಒತ್ತಿ ಕಿವಿಯಾಕಾರದ ಒರೆಕ್ಯೆತ್ತೆ ಮಾಡುವುದನ್ನು ಪ್ರವಾಸಿಗರು ನಿಂತು ನೋಡುತ್ತಾರೆ. ನಮ್ಮ ಗವಲಿ, ಪರಡಿ, ಬಟವಿಗಳ ಮುಂದೆ ಯಾರೂ ಕ್ಯಾಮೆರಾ ಹಿಡಿದು ನಿಂತದ್ದನ್ನು ನಾನು ಕಂಡಿಲ್ಲ. ಅಕ್ಕಿಕಾಳಿನಷ್ಟು ಗವಲಿಯನ್ನು ಬೆರಳ ತುದಿಯಲ್ಲೇ ಉರುಟಿ ಸೇರುಗಟ್ಟಲೆ ಮಾಡುವವರು ಅದನ್ನು ಕೆಲಸವೆಂದೂ ಎಣಿಸುವುದಿಲ್ಲ. ಟಿವಿ ನೋಡುತ್ತಾ ಮಾಡುತ್ತಾರೆ.

ಯಂತ್ರದ ಮಾತು ಬಾರದೆ ಇರಲಿಲ್ಲ. ಹೊರಸಿನ ಅಂಚಿಗೆ ಬಿಗಿದು ತಿರುವುವ ಕೈಯಂತ್ರ ಎಷ್ಟೋ ಮನೆಗಳಲ್ಲಿದೆ. ಈಗ ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಕರೆಂಟಿನ ಯಂತ್ರ ಇಟ್ಟವರಿದ್ದಾರೆ. ರವೆ ಒಯ್ದು ಕೊಟ್ಟು, ಸರದಿಗೆ ನಿಂತು, ಒಣಗಿಸಲು ಎಳೆ ಹೊತ್ತು ತರಬಹುದು. ಆ ಮನೆಯಲ್ಲೂ ಅರ್ಧ ಯಂತ್ರಕ್ಕೇ ಹೋಗಿತ್ತು. ಮಣೆಯದನ್ನು ಮಗಳ ಮನೆಗೆ, ಬೀಗರಿಗೆ, ಹಬ್ಬಕ್ಕೆ ಎಂದು ಬೇರೆ ಡಬ್ಬಿಯಲ್ಲಿ ಇಡುತ್ತಾರೆ. ಕೈಯದೇ ಶ್ರೇಷ್ಠವೆಂದು ಹೊಗಳುವವರು ಸಾಮಾನ್ಯವಾಗಿ ಮಣೆಯ ಮೇಲೆ ಕೂರದವರು. ಬೆನ್ನು ನೋಯುವುದು ಅವರದಲ್ಲ. ಆದರೂ ಬಾಯಿಗೆ ಫರಕು ತಿಳಿಯುತ್ತದೆ ಎನ್ನುವುದು ಸುಳ್ಳಲ್ಲ. ಕೈಯಲ್ಲಿ ಹೊಸೆದದ್ದು ಕೂದಲೆಳೆಯಷ್ಟು ಸಣ್ಣಗಿದ್ದೂ ಬೇಯಿಸಿದರೆ ಕರಗುವುದಿಲ್ಲ, ಹಾಲಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತದೆ.

ಇಟಲಿಯ ತರಗತಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ತಿಳಿದದ್ದು ಊಟದ ಹೊತ್ತಿಗೆ. ಬೆಳಗಿನಿಂದ ನಾವು ಮಾಡಿದ್ದರಲ್ಲಿ ಒಂದೆಳೆಯನ್ನೂ ಮುಟ್ಟುವಂತಿರಲಿಲ್ಲ. ಅದು ಚೆನ್ನಾಗಿ ಒಣಗಿ, ಡಬ್ಬಿ ಸೇರಿ, ಮಾವಿನ ಕಾಲದ ಸೀಕರಣೆಗೆ, ಪಂಚಮಿಗೆ, ಪಕ್ಕದ ಮನೆಯ ರಂಜಾನಿನ ಸುರಕುಂಬಕ್ಕೆ, ಬರುವ ಯುಗಾದಿಗೆ. ನಮಗೆ ಬಡಿಸಿದ್ದು ಹೋದ ವರ್ಷದ್ದು, ಯಾರ್‍ಯಾರೋ ಹೊಸೆದದ್ದು. ಕುದಿಯುವ ನೀರಿಗೆ ಎಳೆ ಬಿಟ್ಟು, ಮೇಲೆದ್ದ ಕೂಡಲೇ ಬಸಿದು, ಗಂಗಾಳಕ್ಕೆ ಹಾಕಿದರು. ಮೇಲೆ ಕುಟ್ಟಿದ ಬೆಲ್ಲ, ಒಂದು ಮಿಳ್ಳೆ ತುಪ್ಪ, ಕಾದ ಹಾಲು. ಬೆಲ್ಲ ಕರಗುವ ಮೊದಲೇ ಕೈ ಹಾಕಬೇಕು. ಆಗ ಒಂದು ತುತ್ತು ಸಪ್ಪೆ, ಒಂದು ತುತ್ತು ಸಿಹಿ. ಬದಿಗೆ ಉಪ್ಪಿನಕಾಯಿ. ಸಿಹಿಗೆ ಉಪ್ಪಿನಕಾಯಿ ಏಕೆಂದು ಕೇಳಬೇಡಿ, ಎರಡನೇ ಗಂಗಾಳಕ್ಕೆ ಅದೇ ದಾರಿ.

ಕೈ ತೊಳೆದು ಹೊರಡುವಾಗ ಹಿರಿಯಾಕೆ ಬಾಗಿಲಿಗೆ ಬಂದಳು.

“ನಾಡದು ಎದರಿನ ಮನ್ಯಾಗ ಐತಿ. ಬರ್ರಿ.”

“ಕಲಿಯಾಕ ಏನ್ರಿ?”

“ಕಲಿಯಾಕ ಯಾಕ? ಇವತ್ತು ಅವರು ನಮ್ಮ ಕಡೆ ಬಂದ ದುಡದಾರ, ನಾವೂ ಹೋಗಬೇಕಲ್ಲ. ನೀವೂ ಉಂಡೀರಿ, ನಿಮ್ಮದೂ ಮುಯ್ಯಿ ಐತಿ. ಆರಕ್ಕ ಬರ್ರಿ, ತಡಾ ಮಾಡಬ್ಯಾಡ್ರಿ. ಅವರ ಮನೀ ಮಣಿ ನಮ್ಮದಕ್ಕಿಂತ ಉದ್ದ ಐತಿ, ಎಳಿ ಹಿಡಿಯಾಕ ಇನ್ನೊಬ್ಬರು ಬೇಕು.”